ಏರಿ ಗಟ್ಟಿಯಾಗಿದ್ದರೂ ‘ಹೈ ಹ್ಯಾಜರ್ಡ್’ ಯಾಕೆ?

ಪ್ರಶ್ನೆ: ಸರ್, ನಾವು ಅಮೆರಿಕದ ಜಾರ್ಜಿಯಾದಲ್ಲಿ, ಅಟ್ಲಾಂಟಾದಿಂದ ಉತ್ತರಕ್ಕಿರುವ ಒಂದು ಬಡಾವಣೆಯಲ್ಲಿದ್ದೇವೆ. ಒಟ್ಟು 54 ಮನೆ. ಹಿಂದುಗಡೆ ಒಂದು ಕೆರೆ, ಅದಕ್ಕೆ 28 ಅಡಿ ಎತ್ತರದ ಮಣ್ಣಿನ ಏರಿ. 1960ರ ಸುಮಾರಿಗೆ ದನ ಸಾಕುತ್ತಿದ್ದ ಯಾರೋ ಕಟ್ಟಿಸಿದ್ದಂತೆ. ಈಗ ಕೆರೆ, ಏರಿ ಎರಡೂ ನಮ್ಮ ಮನೆ ಮಾಲೀಕರ ಸಂಘದ ಆಸ್ತಿ. ಕಳೆದ ತಿಂಗಳು ರಾಜ್ಯದಿಂದ ಪತ್ರ ಬಂತು. ಇಷ್ಟು ದಿನ ‘ಕೆಟಗರಿ 2’ ಆಗಿದ್ದ ನಮ್ಮ ಡ್ಯಾಮ್ ಇನ್ನು ಮುಂದೆ ‘ಕೆಟಗರಿ 1’, ಅಂದರೆ ಹೈ ಹ್ಯಾಜರ್ಡ್ ಅಂತೆ. ಇಂಜಿನಿಯರ್ ನೇಮಿಸಿ, ನಿಯಮಕ್ಕೆ ತಕ್ಕಂತೆ ಸರಿಪಡಿಸಿ ಎಂದಿದ್ದಾರೆ. ಅರವತ್ತು ವರ್ಷದಿಂದ ಏನೂ ಆಗಿಲ್ಲ. ಏರಿ ಮೇಲೆ ನಾವು ದಿನಾ ವಾಕಿಂಗ್ ಹೋಗುತ್ತೇವೆ, ಬಂಡೆ ಥರ ಇದೆ. ಸಂಘದಲ್ಲಿ ಕೆಲವರು ವಕೀಲರ ಹತ್ತಿರ ಹೋಗೋಣ ಅಂತಾರೆ, ಕೆಲವರು ನೀರು ಬಿಟ್ಟು ಕೆರೆ ಖಾಲಿ ಮಾಡೋಣ ಅಂತಾರೆ. ಖಜಾಂಚಿ ನಾನು, ಎಲ್ಲರೂ ನನ್ನ ಮುಖ ನೋಡುತ್ತಾರೆ. ಸಕಲೇಶಪುರದ ಹತ್ತಿರ ನಮ್ಮಪ್ಪನ ಕಾಫಿ ತೋಟದಲ್ಲೂ ಹೆಚ್ಚುಕಡಿಮೆ ಇಷ್ಟೇ ದೊಡ್ಡ ಕೆರೆ ಇದೆ. ಅವರಿಗೆ ಯಾರೂ ಪತ್ರ ಬರೆದಿಲ್ಲ! ಏನಿದೆಲ್ಲ?

ಉತ್ತರ: ನಿಮ್ಮ ಏರಿ ಕೆಟ್ಟಿದೆ ಅಂತ ಆ ಪತ್ರ ಹೇಳುತ್ತಿಲ್ಲ. ಚೆನ್ನಾಗಿದೆ ಅಂತಲೂ ಹೇಳುತ್ತಿಲ್ಲ. ಏರಿಯ ಬಗ್ಗೆ ಅದು ಮಾತೇ ಆಡಿಲ್ಲ. ಅದರ ಚಿಂತೆಯೆಲ್ಲ ಏರಿಯ ಕೆಳಗೆ ಇರುವವರದ್ದು.

ನಮ್ಮ ಕಡೆಯ ತೆಂಗಿನ ಮರ ನೆನಪಿಸಿಕೊಳ್ಳಿ. ತೋಟದ ನಡುವೆ ಒಂದು ಮರ, ಮನೆ ಅಂಗಳದ ಮೇಲೆ ವಾಲಿಕೊಂಡ ಇನ್ನೊಂದು ಮರ. ಎರಡೂ ಒಂದೇ ವಯಸ್ಸು, ಒಂದೇ ತಳಿ. ತೋಟದ ಮರದಿಂದ ಕಾಯಿ ಬಿದ್ದರೆ ‘ಧಪ್’ ಅಂತ ಶಬ್ದ, ಅಷ್ಟೇ. ಅಂಗಳದ ಮರದ ಕೆಳಗೆ ಮಕ್ಕಳು ಆಡುತ್ತವೆ. ಈ ಎರಡನೇ ಮರ ‘ಹೈ ಹ್ಯಾಜರ್ಡ್’. ಮರಕ್ಕೆ ರೋಗ ಇದೆಯಾ, ಗೊನೆ ಭದ್ರವಾಗಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಅದಕ್ಕೂ ಬೇರೆಯೇ ದರ್ಜೆ ಇದೆ. ಅಣೆಕಟ್ಟಿನ ಸ್ಥಿತಿ ತೃಪ್ತಿಕರ, ಪರವಾಗಿಲ್ಲ, ಕಳಪೆ, ಅತೃಪ್ತಿಕರ ಎಂದು ನಾಲ್ಕು. ಹೊಚ್ಚಹೊಸ ಡ್ಯಾಮ್ ಕೂಡ ಹೈ ಹ್ಯಾಜರ್ಡ್ ಆಗಬಹುದು. ಒಡೆಯಲು ತುದಿಗಾಲಲ್ಲಿ ನಿಂತ ಡ್ಯಾಮ್ ಕೂಡ, ಕೆಳಗೆ ಬರೀ ಕಾಡಿದ್ದರೆ, ಲೋ ಹ್ಯಾಜರ್ಡ್ ಆಗಿಯೇ ಉಳಿಯಬಹುದು. ಹ್ಯಾಜರ್ಡ್ ಅನ್ನುವುದನ್ನು ನಾವು ಸುಮ್ನೆ ‘ಅಪಾಯ’ ಅಂದುಬಿಡುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ. ‘ಒಡೆದರೆ ಯಾರಿಗೆ ಏನಾಗುತ್ತದೆ’ ಅಂತ ಓದಿಕೊಳ್ಳಿ, ಪತ್ರ ಅರ್ಥವಾಗುತ್ತದೆ.

ಹಾಗಾದರೆ ಅರವತ್ತು ವರ್ಷ ಇಲ್ಲದ್ದು ಈಗ ಹೇಗೆ ಬಂತು? ಏರಿಯ ಕೆಳಗೆ ಹಳ್ಳದ ಗುಂಟ ಒಂದು ಮೈಲಿ ನಡೆದುಕೊಂಡು ಹೋಗಿ ನೋಡಿ. ಹಳ್ಳಕ್ಕೆ ಮುಖ ಮಾಡಿ, ನೆಲಮಾಳಿಗೆಯಲ್ಲೊಂದು ಮಲಗುವ ಕೋಣೆ ಇಟ್ಟುಕೊಂಡ ಹೊಸ ಮನೆ ಒಂದಾದರೂ ಸಿಗುತ್ತದೆ ಎಂಬುದು ನನ್ನ ಊಹೆ. ದನದವರು ಕೆರೆ ಕಟ್ಟಿಸಿದಾಗ ಕೆಳಗೆ ಹುಲ್ಲುಗಾವಲಿತ್ತು. ಊರು ಬೆಳೆಯಿತು, ಹುಲ್ಲುಗಾವಲು ಸೈಟುಗಳಾಯಿತು. ಡ್ಯಾಮ್ ಇದ್ದಲ್ಲೇ ಇದೆ. ಅಪಾಯ ತಾನಾಗಿ ನಡೆದುಕೊಂಡು ಅದರ ಹತ್ತಿರಕ್ಕೆ ಬಂತು. ಅಟ್ಲಾಂಟಾದ ಸುತ್ತ ಇದು ಮಾಮೂಲು ಕಥೆ.

ಇದರಲ್ಲಿ ಅನ್ಯಾಯವಿಲ್ಲವಾ ಅಂದರೆ ಇದೆ. ಕೆಳಗೆ ಮನೆ ಕಟ್ಟಿದವನು ಲಾಭ ಮಾಡಿಕೊಂಡು ಹೋದ. ಖರ್ಚು ಮೇಲಿರುವ 54 ಮನೆಗಳ ತಲೆಗೆ ಬಂತು. ಮನೆ ಕಟ್ಟಲು ಅನುಮತಿ ಕೊಡುವವರ ಮೇಜಿನ ಮೇಲೆ, ಡ್ಯಾಮ್ ಒಡೆದರೆ ನೀರು ಎಲ್ಲಿಯವರೆಗೆ ಹೋಗುತ್ತದೆ ಎಂಬ ನಕ್ಷೆ ಇರಲೇಬೇಕು ಅಂತ ನಾನು ಬಹಳ ಕಡೆ ವಾದ ಮಾಡಿದ್ದೇನೆ. ಆದರೂ ನೀರು ನಿಮ್ಮದು. ನಿಮ್ಮ ನೀರಿಗೆ ನೀವೇ ಹೊಣೆ.

ಈ ಕೊನೆಯ ಮಾತು ನನ್ನದಲ್ಲ, ಬಹಳ ಹಳೆಯ ಕಾನೂನಿನದು. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಒಬ್ಬ ಗಿರಣಿ ಮಾಲೀಕ ತನ್ನ ಗಿರಣಿಗೆಂದು ಸಣ್ಣ ಕೆರೆ ಕಟ್ಟಿಸಿದ. ತಳದಲ್ಲಿದ್ದ ಹಳೇ ಗಣಿಗುಂಡಿಗಳ ಮೂಲಕ ನೀರು ನುಗ್ಗಿ ಪಕ್ಕದವನ ಕಲ್ಲಿದ್ದಲು ಗಣಿ ಮುಳುಗಿತು. ‘ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್’ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ 1868ರಲ್ಲಿ ಕೊನೆಯ ತೀರ್ಪು ಬಂತು. ತಪ್ಪಿದರೆ ಹಾನಿ ಮಾಡುವಂಥದ್ದನ್ನು ನಿನ್ನ ಜಾಗಕ್ಕೆ ತಂದು ಕೂಡಿಟ್ಟಿದ್ದೀಯ, ತಪ್ಪಿಸಿಕೊಂಡರೆ ಹೊಣೆ ನಿನ್ನದೇ ಎಂಬುದು ಅದರ ಸಾರ. ಭಾರತದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಇದನ್ನು ಓದುತ್ತಾರೆ. ಒಂದು ಖಾಸಗಿ ಸಣ್ಣ ಕೆರೆಯಿಂದ ಹುಟ್ಟಿದ ತೀರ್ಪು ಎನ್ನುವುದು ಮಾತ್ರ ಬಹಳ ಜನಕ್ಕೆ ನೆನಪಿರುವುದಿಲ್ಲ.

ಈಗ ದರ್ಜೆಯ ಲೆಕ್ಕ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೂರು ದರ್ಜೆ. ಒಡೆದರೆ ಒಂದಾದರೂ ಜೀವ ಹೋಗುವ ಸಂಭವ ಇದ್ದರೆ ಹೈ. ಜೀವಕ್ಕೆ ತೊಂದರೆ ಇಲ್ಲ, ಆದರೆ ರಸ್ತೆ, ಆಸ್ತಿ, ಪರಿಸರಕ್ಕೆ ದೊಡ್ಡ ಪೆಟ್ಟು ಎಂದಾದರೆ ಸಿಗ್ನಿಫಿಕೆಂಟ್. ಪೆಟ್ಟು ಹೆಚ್ಚುಕಡಿಮೆ ಮಾಲೀಕನ ಜಾಗದಲ್ಲೇ ಮುಗಿದುಹೋದರೆ ಲೋ. ಜಾರ್ಜಿಯಾ ಇದನ್ನು ಎರಡೇ ಮಾಡಿಕೊಂಡಿದೆ. ಜೀವ ಹೋಗುವ ಸಂಭವ ಇದ್ದರೆ ಕೆಟಗರಿ 1, ಇಲ್ಲದಿದ್ದರೆ ಕೆಟಗರಿ 2. ಎಷ್ಟು ಜೀವ ಎಂದು ಎಣಿಸುವುದಿಲ್ಲ, ಒಂದು ಸಾಕು. ಏರಿ 25 ಅಡಿ ಮುಟ್ಟಿದರೆ ಅಥವಾ ಕೆರೆಯಲ್ಲಿ 100 ಎಕರೆ-ಅಡಿ ನೀರು ಹಿಡಿದರೆ ಅದು ಕಾನೂನಿನ ಲೆಕ್ಕಕ್ಕೆ ಬರುತ್ತದೆ. ನಿಮ್ಮದು 28 ಅಡಿ, ಆದ್ದರಿಂದ ಬಂತು. ಕೆಟಗರಿ 2ರಲ್ಲಿದ್ದಾಗ ರಾಜ್ಯದ ಪಟ್ಟಿಯಲ್ಲಿ ಹೆಸರಿತ್ತು ಅಷ್ಟೇ, ಕಟ್ಟುನಿಟ್ಟು ಏನೂ ಇರಲಿಲ್ಲ. ಈಗಿನಿಂದ ಪರವಾನಗಿ, ತಪಾಸಣೆ, ವಿನ್ಯಾಸದ ನಿಯಮ ಎಲ್ಲ ಶುರು.

ಪತ್ರದ ಜೊತೆ ನೀವು ಕಳಿಸಿದ ಹಾಳೆಯಲ್ಲಿ ನಿಮ್ಮ ಕೆರೆಯ ನೀರು 90 ಎಕರೆ-ಅಡಿ ಅಂತಿದೆ. ಓದಿದರೆ ಸಣ್ಣ ಸಂಖ್ಯೆ. ಒಂದು ಎಕರೆ ಜಾಗದಲ್ಲಿ ಒಂದಡಿ ನೀರು ನಿಂತರೆ ಸುಮಾರು 12.3 ಲಕ್ಷ ಲೀಟರ್. ಹಾಗಾದರೆ 90 ಎಕರೆ-ಅಡಿ ಎಂದರೆ 11 ಕೋಟಿ ಲೀಟರ್. ಬೆಂಗಳೂರಿನಲ್ಲಿ ಮನೆಗೆ ತರಿಸುವ 6 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕ ಹಾಕಿ. 18 ಸಾವಿರಕ್ಕೂ ಹೆಚ್ಚು ಟ್ಯಾಂಕರ್ ಆಯಿತು. ಏರಿ ಒಡೆದರೆ ಇದರಲ್ಲಿ ಮುಕ್ಕಾಲು ಪಾಲು ಒಂದು ಗಂಟೆಯೊಳಗೆ ಹಳ್ಳಕ್ಕೆ ಇಳಿದುಬಿಡಬಹುದು.

ಜೀವ ಹೋಗುತ್ತದೆ ಎಂದು ತೀರ್ಮಾನಿಸುವುದು ಕಣ್ಣಂದಾಜಿನಲ್ಲಿ ಅಲ್ಲ. ಏರಿ ಒಡೆದಂತೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ನೀರು ಎಲ್ಲೆಲ್ಲಿ ಎಷ್ಟು ಆಳ, ಎಷ್ಟು ರಭಸ ಎಂದು ನೋಡುತ್ತಾರೆ. ಎರಡು ಅಡಿ ಓಡುವ ನೀರು ಕಾರನ್ನೇ ಎತ್ತಿಕೊಂಡು ಹೋಗುತ್ತದೆ, ಮನುಷ್ಯ ಯಾವ ಲೆಕ್ಕ. ಮಳೆಯಿಲ್ಲದ ದಿನ, ಬಿಸಿಲಿನಲ್ಲಿ ಏರಿ ತಾನಾಗಿ ಒಡೆದರೆ ಹೇಗೆ ಎಂಬುದು ಒಂದು ಲೆಕ್ಕ. ಜೋರು ಮಳೆಯಲ್ಲಿ ಒಡೆದರೆ ಹೇಗೆ ಎಂಬುದು ಇನ್ನೊಂದು. ಈ ಎರಡನೆಯದರಲ್ಲಿ ಒಂದು ಸೂಕ್ಷ್ಮ ಇದೆ, ನಿಮ್ಮ ಇಂಜಿನಿಯರ್ ಹತ್ತಿರ ತಪ್ಪದೆ ಕೇಳಿ. ಅಂಥ ಮಳೆಗೆ ನಿಮ್ಮ ಏರಿ ಒಡೆಯದೇ ಇದ್ದರೂ ಹಳ್ಳ ಉಕ್ಕಿ ಆ ಕೆಳಗಿನ ಮನೆ ಮುಳುಗುತ್ತಿತ್ತಾ? ಮುಳುಗುತ್ತಿದ್ದರೆ ಪೂರ್ತಿ ಪಾಪವನ್ನು ಏರಿಯ ತಲೆಗೆ ಕಟ್ಟುವಂತಿಲ್ಲ. ಒಡೆದದ್ದರಿಂದ ಅಲ್ಲಿ ನೀರು ಎಷ್ಟು ಹೆಚ್ಚಾಯಿತು ಎನ್ನುವುದಷ್ಟೇ ನಿಮ್ಮ ಖಾತೆಗೆ. ದರ್ಜೆಯನ್ನು ಪ್ರಶ್ನಿಸಲು ನಿಮಗೆ ನ್ಯಾಯವಾದ ದಾರಿ ಏನಾದರೂ ಇದ್ದರೆ ಇದೇ. ಅದಕ್ಕೆ ಬೇಕಾಗಿರುವುದು ಇಂಜಿನಿಯರ್. ವಕೀಲರ ಸರದಿ ಬಂದರೆ ಆಮೇಲೆ ಬರಲಿ.

ಜಾರ್ಜಿಯಾಕ್ಕೆ ಈ ವಿಷಯದಲ್ಲಿ ಇಷ್ಟೊಂದು ಬಿಗಿ ಯಾಕೆ ಅಂತ ಸಂಘದ ಸಭೆಯಲ್ಲಿ ಯಾರಾದರೂ ಕೇಳಿದರೆ ಟೊಕೋವಾ ಕಥೆ ಹೇಳಿ. ನಿಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ ಇರಬಹುದು. ಅಲ್ಲಿ 186 ಅಡಿ ಎತ್ತರದ ಜಲಪಾತ, ಅದರ ಕೆಳಗೆ ಒಂದು ಬೈಬಲ್ ಕಾಲೇಜು. ಜಲಪಾತದ ಮೇಲ್ಗಡೆ ಕೆಲ್ಲಿ ಬಾರ್ನ್ಸ್ ಎಂಬ ಡ್ಯಾಮ್. 1899ರಲ್ಲಿ ಸಣ್ಣ ವಿದ್ಯುತ್ ಘಟಕಕ್ಕೆಂದು ಮರದ ಚೌಕಟ್ಟಿಗೆ ಕಲ್ಲು ತುಂಬಿ ಕಟ್ಟಿದ್ದರು. ಆಮೇಲೆ ಅದರ ಮೇಲೆ ಮಣ್ಣು ಹಾಕಿ ಹಾಕಿ ಎತ್ತರಿಸುತ್ತ ಹೋದರು. 1957ರಲ್ಲಿ ವಿದ್ಯುತ್ ನಿಂತಿತು. ಕೆರೆ ಮೀನು ಹಿಡಿಯಲಿಕ್ಕೆ, ಈಜಲಿಕ್ಕೆ ಉಳಿದುಕೊಂಡಿತು. ಕೆಲಸವಿಲ್ಲದ ಡ್ಯಾಮನ್ನು ಯಾರು ವಿಚಾರಿಸುತ್ತಾರೆ? ಹೊರ ಇಳಿಜಾರು ಬಹಳ ಕಡಿದಾಗಿತ್ತು, ಅದರ ಮೇಲೆ ಮರಗಳು ಬೆಳೆದವು. 1973ರಲ್ಲಿ ತೆಗೆದ ಒಂದು ಫೋಟೋದಲ್ಲಿ ಆ ಇಳಿಜಾರಿನ ಒಂದು ಭಾಗ ಜಾರಿದ್ದು ಕಾಣುತ್ತದೆ. ಆ ಫೋಟೋಗೆ ಅರ್ಥ ಬಂದದ್ದು ನಾಲ್ಕು ವರ್ಷದ ನಂತರ.

1977ರ ನವೆಂಬರ್ 6. ಕೆಲವು ದಿನಗಳಿಂದ ಮಳೆ. ರಾತ್ರಿ ಒಂದೂವರೆ ಹೊತ್ತಿಗೆ ಡ್ಯಾಮ್ ಹೋಯಿತು. ಸೆಕೆಂಡಿಗೆ ಸುಮಾರು 680 ಘನ ಮೀಟರ್ ನೀರು ಜಲಪಾತದ ಮೇಲಿಂದ ಧುಮುಕಿ, ಕಾಲೇಜಿನ ಹಾಸ್ಟೆಲಿನ ಕೆಳ ಅಂತಸ್ತಿಗೂ ಟ್ರೈಲರ್ ಮನೆಗಳಿಗೂ ನುಗ್ಗಿತು. 39 ಜನ ಸತ್ತರು, ಬಹಳ ಮಂದಿ ಮಕ್ಕಳು. ಇಳಿಜಾರು ಜಾರಿದ್ದು, ಒಳಗೊಳಗೇ ನೀರು ಮಣ್ಣನ್ನು ಕೊರೆದದ್ದು ಎಂದು ತನಿಖೆ ಹಲವು ಕಾರಣಗಳನ್ನು ಮುಂದಿಟ್ಟಿತು. ಇದೊಂದೇ ಕಾರಣ ಎಂದು ಬೆರಳು ಮಾಡಿ ತೋರಿಸಲು ಆಗಲಿಲ್ಲ. ಡ್ಯಾಮಿನ ಎತ್ತರ 38 ಅಡಿ. ನಿಮ್ಮದಕ್ಕಿಂತ ಹತ್ತೇ ಅಡಿ ಜಾಸ್ತಿ. ನೀರು ನಿಮ್ಮದರ ಏಳು ಪಟ್ಟು ಇತ್ತು, ಅದೂ ನಿಜ.

ಆಗ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಜಾರ್ಜಿಯಾದವರೇ. ಡ್ಯಾಮ್ ತಪಾಸಣೆಗೆ 1972ರಲ್ಲೇ ದೇಶಕ್ಕೊಂದು ಕಾಯ್ದೆ ಇತ್ತು, ದುಡ್ಡಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಟೊಕೋವಾ ಆದ ಮೇಲೆ ಸೇನೆಯ ಇಂಜಿನಿಯರುಗಳು ಹೈ ಹ್ಯಾಜರ್ಡ್ ಡ್ಯಾಮುಗಳ ತಪಾಸಣೆಗೆ ಹೊರಟರು. ಜಾರ್ಜಿಯಾ 1978ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ನಿಮಗೆ ಬಂದ ಪತ್ರದ ಬೇರು ಅಲ್ಲಿದೆ.

ಇನ್ನು ‘ಅರವತ್ತು ವರ್ಷದಿಂದ ಏನೂ ಆಗಿಲ್ಲ’ ಎನ್ನುವ ಮಾತು. ಈ ಮಾತನ್ನು ನಾನು ಎಷ್ಟು ಕಡೆ ಕೇಳಿದ್ದೇನೋ! ಮಣ್ಣು ಹಾಗೇ ಇರಬಹುದು. ಮಣ್ಣಿನೊಳಗಿನ ಪೈಪ್ ಹಾಗೇ ಇರುವುದಿಲ್ಲ. ಆ ಕಾಲದ ಸಣ್ಣ ಡ್ಯಾಮುಗಳಲ್ಲಿ ನೀರು ಹೊರಗೆ ಹೋಗಲು, ಅಂದರೆ ನಮ್ಮ ಕೆರೆಯ ತೂಬಿನ ಕೆಲಸಕ್ಕೆ, ಸುಕ್ಕುಸುಕ್ಕಾದ ತಗಡಿನ ಪೈಪ್ ಹಾಕುತ್ತಿದ್ದರು. ಅದರ ಆಯಸ್ಸು 25ರಿಂದ 50 ವರ್ಷ. ನಿಮ್ಮದು ಅದೇ ಪೈಪ್ ಆಗಿದ್ದು ಯಾರೂ ಬದಲಿಸಿಲ್ಲದಿದ್ದರೆ ತುಕ್ಕು ತಿಂದು ಈಗಾಗಲೇ ತೂತು ಬಿದ್ದಿರುತ್ತದೆ. ತೂತಿನಲ್ಲಿ ಸುತ್ತಲಿನ ಮಣ್ಣು ಹನಿಹನಿಯಾಗಿ ಪೈಪಿನೊಳಗೆ ಸೇರಿ ಹೊರಗೆ ಹೋಗುತ್ತದೆ. ಒಳಗೆ ಪೊಳ್ಳಾಗುತ್ತದೆ. ಮೇಲೆ ನೀವು ವಾಕಿಂಗ್ ಮಾಡುತ್ತಿರುತ್ತೀರಿ, ಬಂಡೆ ಥರವೇ ಇರುತ್ತದೆ. ಒಂದು ದಿನ ಏರಿಯ ಮೇಲೆ ಬಕೆಟ್ಟಿನಷ್ಟು ಗುಂಡಿ ಕಾಣುತ್ತದೆ. ನಮ್ಮ ಊರುಗಳಲ್ಲಿ ‘ಏರಿ ಬೋಂಗಾ ಬಿತ್ತು’ ಅಂತಾರಲ್ಲ, ಅದರ ಮೊದಲ ಅಧ್ಯಾಯ ಇದು.

ಕೊಲರಾಡೋದ ಲಾನ್ ಲೇಕ್ ಡ್ಯಾಮ್ ಹೋದದ್ದು ಹೆಚ್ಚುಕಡಿಮೆ ಹೀಗೇ. ರೈತರ ನೀರಾವರಿ ಕಂಪನಿಯೊಂದರ ಖಾಸಗಿ ಡ್ಯಾಮ್, ಎತ್ತರ 26 ಅಡಿ, ನಿಮ್ಮದಕ್ಕಿಂತ ಎರಡಡಿ ಕಮ್ಮಿ. 1903ರಲ್ಲಿ ಕಟ್ಟಿದ್ದು. ಪೈಪು ಗೇಟಿಗೆ ಸೇರುವ ಜಾಗದಲ್ಲಿ ತುಂಬಿದ್ದ ಸೀಸ ಸವೆದುಹೋಯಿತು. ಅಲ್ಲಿಂದ ಚಿಮ್ಮಿದ ನೀರು ಮಣ್ಣನ್ನು ಒಳಗೊಳಗೇ ಕೊರೆಯಿತು. 1982ರ ಜುಲೈ 15ರ ಬೆಳಿಗ್ಗೆ ಏರಿ ಒಡೆಯಿತು. ಬಂದ ನೀರು ಕೆಳಗಿದ್ದ ಇನ್ನೊಂದು ಡ್ಯಾಮನ್ನೂ ಕೆಡವಿತು. ಮೂವರು ಸತ್ತರು. 79 ವರ್ಷ ಅಲ್ಲೂ ಏನೂ ಆಗಿರಲಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆಗೊಬ್ಬ ನೀರಗಂಟಿ ಇದ್ದ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಏರಿಯ ಹಿಂದೆ, ಬುಡದಲ್ಲಿ ನಡೆಯುತ್ತಿದ್ದ. ಏರಿಯ ಮೇಲೆ ಅಲ್ಲ. ಎಲ್ಲಿ ನೀರು ಜಿನುಗುತ್ತದೋ ಅಲ್ಲಿ ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಮುಂದೆ ಹೋಗುತ್ತಿದ್ದ. ಕದಡಿದ್ದರೆ ಊರೊಳಗೆ ಓಡಿ ಬರುತ್ತಿದ್ದ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ನಾನು ಕಲಿತದ್ದೂ ಇದೇ. ಮಣ್ಣಿನ ಏರಿ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ತಿಳಿನೀರು ಜಿನುಗಿದರೆ ಅಳತೆ ಬರೆದಿಟ್ಟುಕೊಳ್ಳಿ. ಕೆಂಪುನೀರು ಬಂದರೆ ಏರಿ ತನ್ನ ಮೈಯನ್ನೇ ಹೊರಗೆ ಕಳಿಸುತ್ತಿದೆ ಎಂದು ಅರ್ಥ. ಆಗ ಫೋನ್ ಎತ್ತಿಕೊಳ್ಳಿ. ಜಾರ್ಜಿಯಾದ ಮಣ್ಣೂ ನಮ್ಮ ಬಯಲುಸೀಮೆಯ ಮಣ್ಣಿನಷ್ಟೇ ಕೆಂಪು, ಬಣ್ಣ ಗುರುತಿಸಲು ನಿಮಗೆ ಕಷ್ಟವಾಗುವುದಿಲ್ಲ.

ಆದ್ದರಿಂದ ವಾಕಿಂಗ್ ಜಾಗ ಬದಲಿಸಿ. ವಾರಕ್ಕೊಮ್ಮೆಯಾದರೂ ಬುಡದಲ್ಲಿ ನಡೆಯಿರಿ. ಪೈಪು ಹೊರಬರುವ ಕಡೆ ಬಗ್ಗಿ ನೋಡಿ, ಪೈಪಿನ ಒಳಗಿಂದಲ್ಲದೆ ಸುತ್ತಲಿಂದ ನೀರು ಬರುತ್ತಿದೆಯಾ? ಬುಡದಲ್ಲಿ ಒಂದೇ ಕಡೆ ಹುಲ್ಲು ವಿಪರೀತ ಹಸಿರಾಗಿದೆಯಾ? ಏರಿ ಮೇಲೆ ದೊಡ್ಡ ಮರ ಇದ್ದರೆ, ಅದರಲ್ಲೂ ಪೈನ್ ಇದ್ದರೆ, ನೀವೇ ಗರಗಸ ಹಿಡಿದು ಹೋಗಬೇಡಿ. ಕಡಿದ ಮರದ ಬೇರು ಒಳಗೆ ಕೊಳೆತು ನೀರಿಗೆ ದಾರಿ ಮಾಡಿಕೊಡುತ್ತದೆ. ಬೊಡ್ಡೆ ಕಿತ್ತು ಮಣ್ಣು ತುಂಬಿ ಅದುಮುವವರೆಗಿನ ಕೆಲಸ ಅದು, ಇಂಜಿನಿಯರ್ ಹೇಳಿದಂತೆ ಆಗಬೇಕು.

ಪೈಪು ಒಂದು ಕಡೆಯಾದರೆ ಕೋಡಿ ಇನ್ನೊಂದು ಕಡೆ. ನಿಜವಾದ ಖರ್ಚು ಬರುವುದು ಸಾಮಾನ್ಯವಾಗಿ ಇಲ್ಲೇ. ಮಣ್ಣಿನ ಏರಿಯ ತಲೆಯ ಮೇಲಿಂದ ನೀರು ಹರಿಯಬಾರದು, ಹರಿದರೆ ಕಥೆ ಮುಗಿಯಿತು. ಹೆಚ್ಚಾದ ನೀರೆಲ್ಲ ಕೋಡಿಯಲ್ಲೇ ಹೋಗಬೇಕು. ಕೆಟಗರಿ 1 ಆದ ಮೇಲೆ ಎಷ್ಟು ಮಳೆಗೆ ನಿಮ್ಮ ಕೋಡಿ ತಾಳಬೇಕು ಎಂದು ನಿಯಮವೇ ಹೇಳುತ್ತದೆ. ಆ ಪ್ರದೇಶದಲ್ಲಿ ಪ್ರಕೃತಿ ಸುರಿಸಬಹುದಾದ ಗರಿಷ್ಠ ಮಳೆ ಎಂದು ಹವಾಮಾನದವರು ಒಂದು ಲೆಕ್ಕ ಇಟ್ಟಿರುತ್ತಾರೆ. ನಿಮ್ಮ ಕಡೆ ಆರು ಗಂಟೆಗೆ ಸುಮಾರು 30 ಇಂಚು. ಜಾರ್ಜಿಯಾದಲ್ಲಿ ಸಣ್ಣ ಡ್ಯಾಮಿಗೆ ಅದರ ಕಾಲು ಭಾಗ, ಮಧ್ಯಮಕ್ಕೆ ಮೂರನೇ ಒಂದು, ದೊಡ್ಡದಕ್ಕೆ ಅರ್ಧ, ತೀರಾ ದೊಡ್ಡದಕ್ಕೆ ಪೂರ್ತಿ. 28 ಅಡಿ ಎತ್ತರದಿಂದಾಗಿ ನಿಮ್ಮದು ಮಧ್ಯಮ. ಅಂದರೆ ಆರು ಗಂಟೆಯಲ್ಲಿ ಸುಮಾರು 10 ಇಂಚು ಮಳೆ ಬಂದರೂ ಏರಿ ಉಳಿಯಬೇಕು. ದನದ ಕೆರೆಯ ಕೋಡಿಯನ್ನು ಯಾರೂ ಇಷ್ಟು ಲೆಕ್ಕ ಹಾಕಿ ಕಟ್ಟಿರುವುದಿಲ್ಲ. ‘10 ಇಂಚು ಎಲ್ಲಿ ಬರುತ್ತೆ ಬಿಡಿ’ ಅನ್ನುವವರಿಗೆ 1994ರ ಜುಲೈ ನೆನಪಿಸಿ. ಆಲ್ಬರ್ಟೋ ಚಂಡಮಾರುತ ಜಾರ್ಜಿಯಾದ ಮೇಲೆ ಬಂದು ಕೂತುಬಿಟ್ಟಾಗ ಇನ್ನೂರಕ್ಕೂ ಹೆಚ್ಚು ಡ್ಯಾಮುಗಳು ಹೋದವು, ಬಹುಪಾಲು ನಿಮ್ಮದರಂಥ ಸಣ್ಣವೇ. ಪಕ್ಕದ ಸೌತ್ ಕರೊಲಿನಾದಲ್ಲಿ 2015ರ ಅಕ್ಟೋಬರಿನ ಮಳೆಗೆ ಸುಮಾರು 50.

ಇದ್ದ ಕೋಡಿಯನ್ನು ಜನರೇ ಹಾಳು ಮಾಡುವುದೂ ಉಂಟು. ಹವಾಯಿಯ ಕವಾಯಿ ದ್ವೀಪದಲ್ಲಿ ಕಾ ಲೋಕೋ ಎಂಬ ಡ್ಯಾಮ್ ಇತ್ತು. ಕಬ್ಬಿನ ತೋಟದವರು 1890ರ ಸುಮಾರಿಗೆ ಕಟ್ಟಿದ್ದು. 2006ರ ಮಾರ್ಚ್ 14ರ ಬೆಳಗಿನ ಜಾವ ಒಡೆದು ಏಳು ಜನ ಸತ್ತರು. ತನಿಖೆಗೆ ಹೋದವರು ಕೋಡಿ ಎಲ್ಲಿ ಎಂದು ಹುಡುಕಿದರು. ಮಣ್ಣು ತುಂಬಿ ಮುಚ್ಚಿಹೋಗಿತ್ತು. ಜಮೀನಿನ ಮಾಲೀಕನಿಗೆ ಎಷ್ಟೋ ವರ್ಷದ ವಿಚಾರಣೆಯ ನಂತರ ಏಳು ತಿಂಗಳ ಜೈಲಾಯಿತು. ಇಷ್ಟಾಗಿ, ಒಡೆಯುವ ದಿನದವರೆಗೂ ಆ ಡ್ಯಾಮ್ ದಾಖಲೆಯಲ್ಲಿ ‘ಲೋ ಹ್ಯಾಜರ್ಡ್’ ಎಂದಿತ್ತು. ದರ್ಜೆ ತಪ್ಪಾಗಿದ್ದರೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ನಿಮಗೆ ಪತ್ರ ಬಂದದ್ದನ್ನು ನಾನು ಶಾಪ ಎನ್ನದೇ ಇರುವುದು ಇದಕ್ಕೇ.

ಮೀನು ಹೊರಗೆ ಹೋಗದಿರಲಿ ಎಂದು ಕೋಡಿಗೆ ಜಾಲರಿ ಕಟ್ಟಿದ್ದೀರಾ? ಕಟ್ಟಿದ್ದರೆ ಇವತ್ತೇ ತೆಗೆಸಿ. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಡ್ಯಾಮ್ ಸಣ್ಣದಲ್ಲ, ಆದರೆ ಖಾಸಗಿ. ಶ್ರೀಮಂತರ ಮೀನುಗಾರಿಕೆ ಕ್ಲಬ್ಬೊಂದರ ಆಸ್ತಿ. ಹಳೇ ಮಾಲೀಕ ತಳದ ಪೈಪುಗಳನ್ನು ಕಿತ್ತು ಮಾರಿದ್ದ. ಕ್ಲಬ್ಬಿನವರು ಗಾಡಿ ಓಡಾಡಲೆಂದು ಏರಿಯ ತಲೆ ತಗ್ಗಿಸಿದರು, ಕೋಡಿಗೆ ಮೀನಿನ ಜಾಲರಿ ಹಾಕಿದರು. 1889ರ ಮೇ 31ರಂದು ಕಸಕಡ್ಡಿ ಬಂದು ಜಾಲರಿಗೆ ಕಟ್ಟಿಕೊಂಡಿತು, ನೀರು ಏರಿಯ ತಲೆ ಹತ್ತಿತು. ಕೆಳಗಿನ ಜಾನ್ಸ್‌ಟೌನ್ ಕಣಿವೆಯಲ್ಲಿ 2,209 ಜನ ಸತ್ತರು.

ಈಗ ಸಂಘದ ಮುಂದಿರುವ ದಾರಿಗಳು. ಸರಿಪಡಿಸುವುದು ಒಂದು. ಅಂದರೆ ಕೋಡಿ ಅಗಲಿಸುವುದು, ಪೈಪ್ ಬದಲಿಸುವುದು, ಪೈಪಿನ ಸುತ್ತ ಮರಳಿನ ಶೋಧಕ ಕೊಡುವುದು. ಏರಿಯನ್ನು ತಗ್ಗಿಸಿ ನೀರು ಕಮ್ಮಿ ಮಾಡಿಕೊಂಡು ಕಾನೂನಿನ ಮಿತಿಯ ಕೆಳಗೆ ಇಳಿಯುವುದು ಇನ್ನೊಂದು. ಸಣ್ಣ ಕೆರೆಯೂ ಚಂದವೇ, ಅಲ್ವಾ? ಏರಿಯನ್ನು ಕಡಿದು ಹಳ್ಳವನ್ನು ಹಳ್ಳವಾಗಿ ಬಿಟ್ಟುಬಿಡುವುದು ಮೂರನೆಯದು. ಕೆಳಗೆ ಒಂದೇ ಮನೆ ಇದ್ದರೆ ಅದನ್ನು ಸಂಘವೇ ಕೊಂಡುಕೊಂಡದ್ದೂ ಉಂಟು. ನಗಬೇಡಿ, ಕೋಡಿ ಕಟ್ಟುವುದಕ್ಕಿಂತ ಅಗ್ಗ ಬೀಳಬಹುದು. ನನ್ನನ್ನು ಕೇಳಿದರೆ ಎರಡನೆಯದಕ್ಕೆ ಮೊದಲು ಲೆಕ್ಕ ಹಾಕಿಸಿ ಅಂತೇನೆ. ಬಹಳ ಸಂಘಗಳು ಅದನ್ನು ಯೋಚಿಸುವುದೇ ಇಲ್ಲ. ಮನೆ ಮಾರುವಾಗ ‘ಲೇಕ್ ವ್ಯೂ’ ಹೋಗಿಬಿಡುತ್ತದೆ ಎನ್ನುವ ಭಯ.

‘ಖಾಲಿ ಮಾಡಿಬಿಡೋಣ’ ಅನ್ನುವವರನ್ನು ಮಾತ್ರ ತಡೆಯಿರಿ. ವರ್ಷಗಟ್ಟಲೆ ನೆನೆದ ಏರಿಯ ಒಳಮೈಗೆ ಎದುರಿನ ನೀರೇ ಆಸರೆ. ಒಂದೇ ಸಲ ನೀರು ಇಳಿಸಿದರೆ ಆಸರೆ ಹೋಗುತ್ತದೆ, ಮಣ್ಣಿನೊಳಗಿನ ನೀರು ಹಾಗೇ ಉಳಿದಿರುತ್ತದೆ, ಒಳ ಇಳಿಜಾರು ಜಾರುತ್ತದೆ. ಇಳಿಸುವುದಾದರೆ ಇಂಜಿನಿಯರ್ ಹೇಳಿದ ಲೆಕ್ಕದಲ್ಲಿ, ದಿನಕ್ಕಿಷ್ಟು ಎಂದು ನಿಧಾನವಾಗಿ ಇಳಿಸಬೇಕು. ರಾಜ್ಯಕ್ಕೂ ತಿಳಿಸಿಯೇ ಮಾಡಬೇಕು.

ದುಡ್ಡು ಹೊಂದಿಸಲು ಹೇಗೂ ತಿಂಗಳುಗಳು ಬೇಕು. ಅಷ್ಟರೊಳಗೆ ಖರ್ಚಿಲ್ಲದ ಕೆಲಸವೊಂದನ್ನು ಮುಗಿಸಿ. ಏರಿ ಒಡೆದರೆ ಮುಳುಗುವ ಮನೆಗಳ ಪಟ್ಟಿ, ಒಬ್ಬೊಬ್ಬರ ಫೋನ್ ನಂಬರ್, ರಾತ್ರಿ ಎರಡು ಗಂಟೆಗೆ ಯಾರು ಯಾರಿಗೆ ಕರೆ ಮಾಡಬೇಕು ಎಂಬುದು ಒಂದು ಹಾಳೆಯಲ್ಲಿರಲಿ. ಅಲ್ಲಿಗೇ ಹೋಗಿ ಆ ಮನೆಯವರನ್ನು ಪರಿಚಯ ಮಾಡಿಕೊಳ್ಳಿ. ಟೊಕೋವಾದಲ್ಲಿ ಜನ ಮಲಗಿದ್ದರು. ಒಂದು ಗಂಟೆ ಮೊದಲು ಗೊತ್ತಾಗಿದ್ದರೆ ಆ 39ರಲ್ಲಿ ಬಹಳ ಜನ ಗುಡ್ಡದ ಮೇಲಿರುತ್ತಿದ್ದರು. ಅಂದಹಾಗೆ, ಅಮೆರಿಕದ ಮಾಮೂಲಿ ಮನೆ ವಿಮೆ ನೆರೆಹಾನಿಗೆ ಬರುವುದಿಲ್ಲ, ಅದಕ್ಕೆ ಬೇರೆಯೇ ವಿಮೆ. ಇದನ್ನೂ ಅವರಿಗೆ ಹೇಳಿ.

ಕೊನೆಗೆ ಸಕಲೇಶಪುರ. ಅಪ್ಪನಿಗೆ ಪತ್ರ ಬರದಿರುವುದರಲ್ಲಿ ಆಶ್ಚರ್ಯವಿಲ್ಲ. ಭಾರತದ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರದು. 15 ಮೀಟರ್ ಮೀರಿದವು ಅದರೊಳಗೆ ಬರುತ್ತವೆ. 10ರಿಂದ 15 ಮೀಟರಿನವು ಬರಬೇಕಾದರೆ ಅರ್ಧ ಕಿಲೋಮೀಟರ್ ಉದ್ದವೋ, 10 ಲಕ್ಷ ಘನ ಮೀಟರ್ ನೀರೋ, ಇಂಥ ಯಾವುದಾದರೂ ಒಂದು ಲಕ್ಷಣ ಇರಬೇಕು. 28 ಅಡಿ ಎಂದರೆ ಎಂಟೂವರೆ ಮೀಟರ್. ತೋಟದ ಕೆರೆ ಅದರ ಹೊಸ್ತಿಲನ್ನೂ ಮುಟ್ಟುವುದಿಲ್ಲ. ಕೆಳಗಿನವರ ಜೀವ, ಆಸ್ತಿ ನೋಡಿ ಡ್ಯಾಮುಗಳನ್ನು ನಾಲ್ಕು ದರ್ಜೆ ಮಾಡಲು ಕೇಂದ್ರ ಜಲ ಆಯೋಗದ ಮಾರ್ಗಸೂಚಿಯೂ ಇದೆ. ಆದರೆ ತೋಟದ ಬಾಗಿಲಿಗೆ ಬಂದು ಅದನ್ನು ಯಾರೂ ಓದಿ ಹೇಳುವುದಿಲ್ಲ.

ನೀರಿಗೆ ಈ ಮೀಟರ್ ಲೆಕ್ಕ ಗೊತ್ತಿಲ್ಲ. ಮಲೆನಾಡಿನ ತೋಟಗಳಲ್ಲಿ ನಾನು ನೋಡಿದಂತೆ ಕೆರೆ ಕಣಿವೆಯ ತಲೆಯಲ್ಲಿರುತ್ತದೆ. ಕೂಲಿಯವರ ಲೈನ್ ಮನೆಗಳು ನೀರು ಹತ್ತಿರವಾಗಲಿ ಎಂದು ಎಷ್ಟೋ ಕಡೆ ಅದೇ ಕಣಿವೆಯಲ್ಲಿ, ಏರಿಯ ಕೆಳಗೆ. ಕೀನ್ಯಾದ ಸೋಲಾಯಿಯಲ್ಲಿ 2018ರ ಮೇ 9ರ ರಾತ್ರಿ ಒಂದು ಖಾಸಗಿ ಕೃಷಿ ಎಸ್ಟೇಟಿನ ಮಣ್ಣಿನ ಡ್ಯಾಮ್ ಒಡೆದು ಕೆಳಗಿನ ಬಡವರ ಮನೆಗಳ ಮೇಲೆ ಹರಿಯಿತು. 40ಕ್ಕೂ ಹೆಚ್ಚು ಜನ ಸತ್ತರು. ನಮ್ಮದೇ ಪಶ್ಚಿಮ ಘಟ್ಟದ ಸಾಲಿನಲ್ಲಿ, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ 2019ರ ಜುಲೈ 2ರ ರಾತ್ರಿ ಸಣ್ಣ ಡ್ಯಾಮ್ ಒಡೆದು ಇಪ್ಪತ್ತರ ಆಸುಪಾಸು ಜನ ಹೋದರು. ಅದು ಸರ್ಕಾರದ್ದು. ಏಡಿಗಳು ಕೊರೆದು ಒಡೆಯಿತು ಅಂತ ಮಂತ್ರಿಯೊಬ್ಬರು ಹೇಳಿ ದೇಶದ ನಗೆಪಾಟಲಾದರು. ಏಡಿ, ಹೆಗ್ಗಣ, ನಿಮ್ಮ ಅಮೆರಿಕದಲ್ಲಾದರೆ ಬೀವರ್ ಎಂಬ ಪ್ರಾಣಿ, ಇವು ಏರಿಯನ್ನು ಕೊರೆಯುವುದು ಸುಳ್ಳಲ್ಲ. ಒಂದೇ ರಾತ್ರಿಯಲ್ಲಿ ಕೊರೆಯುವುದಿಲ್ಲ ಅಷ್ಟೇ. ಆ ತೂತುಗಳನ್ನು ನೋಡಬೇಕಾಗಿದ್ದವರು ಯಾರು ಎಂದು ಕೇಳುವುದು ಬಿಟ್ಟು ನಾವೆಲ್ಲ ಏಡಿಯನ್ನು ನೆನೆದು ನಕ್ಕೆವು.

ಅಪ್ಪನಿಗೆ ಫೋನ್ ಮಾಡಿದಾಗ ಲೈನ್ ಮನೆಗಳು ಏರಿಯ ಯಾವ ಕಡೆ ಇವೆ ಎಂದು ಕೇಳಿ. ಕೆಳಗೇ ಇದ್ದರೆ ಒಂದಿಷ್ಟು ಕೆಲಸ ಇದೆ. ಕಾಫಿ ಹೂ ಅರಳಲೆಂದು ಸ್ಪ್ರಿಂಕ್ಲರ್ ಹಾಕಿ ಮುಗಿಸಿದ ಮೇಲೆ, ಮಾರ್ಚ್ ಕೊನೆಗೆ ಕೆರೆಯಲ್ಲಿ ನೀರು ತಳ ಹಿಡಿದಿರುತ್ತದೆ. ತೂಬು, ಕೋಡಿ, ಏರಿಯ ಒಳಮೈ ಎಲ್ಲ ಕಣ್ಣಿಗೆ ಕಾಣುವುದು ಆಗಲೇ. ಆ ಹೊತ್ತಿಗೆ ಹಾಸನದಿಂದ ಒಬ್ಬ ಇಂಜಿನಿಯರನ್ನು ಕರೆಸಿ ತೋರಿಸಲಿ. ಕೋಡಿಯಲ್ಲಿ ಲಂಟಾನ ಬೆಳೆದಿದ್ದರೆ ಮೇ ಒಳಗೆ ಕಡಿಸಲಿ. ಜೂನ್, ಜುಲೈಯಲ್ಲಿ ಮಳೆ ಹಿಡಿದ ರಾತ್ರಿಗಳಿಗೆ ಲೈನಿನವರು ಮಲಗಲು ಮೇಲಿನ ಕಾಫಿ ಗೋಡೌನ್ ಖಾಲಿ ಇರಲಿ, ಅದರ ಬೀಗದ ಕೈ ಲೈನಿನಲ್ಲೇ ಒಬ್ಬರ ಹತ್ತಿರ ಇರಲಿ.